ಕತ್ತಾಳೆ ನಾಡಿನಲ್ಲಿ ನಾನು, ಮುನಿರಾಜ

ಯಲಹಂಕ

ಟಕೀಲಾ ಕುಡಿಯುವ ಮೊದಲು ಉಪ್ಪು ನೆಕ್ಕಬೇಕಾಗಿಲ್ಲ ಎಂಬುದನ್ನು ತಿಳಿದುಕೊಳ್ಳಲು ನಾನು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮೆಕ್ಸಿಕೋದವರೆಗೆ ಹೋಗಿಬಂದೆ. ಬಿಳಿಯದು ಯಾವುದು, ಪೀಪಾಯಿಯಲ್ಲಿ ಮಲಗಿ ಎದ್ದದ್ದು ಯಾವುದು, ಗುಡ್ಡದ ಮೇಲಿನದು ಯಾವುದು, ತಗ್ಗಿನದು ಯಾವುದು ಎಂದು ಈಗ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಈ ವಿದ್ಯೆಯಿಂದ ಯಾರಿಗೂ ಏನೂ ಉಪಯೋಗವಿಲ್ಲ. ಆದರೆ ಅಲ್ಲಿ ಇನ್ನೊಂದು ಕೆಲಸವೂ ಆಯಿತು. ಐವತ್ತು ವರ್ಷಗಳಿಂದ ಒಬ್ಬನಿಗೆ ಹೇಳಬೇಕಾಗಿದ್ದ, ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಅಲ್ಲಿ ಹೇಳಿದೆ. ಎರಡನ್ನೂ ಬೇರೆ ಮಾಡಿ ಬರೆಯುವ ಜಾಣತನ ನನಗಿಲ್ಲ. ನಡೆದ ಹಾಗೆ ಬರೆಯುತ್ತೇನೆ.

ಆ ಒಬ್ಬ ನನ್ನ ಜೊತೆಯಲ್ಲೇ ಬಂದವನು. ಮುನಿರಾಜ, ನನ್ನ ಚಿಕ್ಕಪ್ಪ ಪಿಳ್ಳಪ್ಪನ ಮಗ, ನನಗಿಂತ ಐದು ವರ್ಷಕ್ಕೆ ಚಿಕ್ಕವನು. ನಾವಿಬ್ಬರೂ ಸಿಂಗಾಪುರದಲ್ಲಿ ಹುಟ್ಟಿದವರು. ಅದು ಈಗ ಬೆಂಗಳೂರಿನ ಒಂದು ಬಡಾವಣೆ. ಆಗ ರಾಗಿ ಹೊಲಗಳ ಹಳ್ಳಿ. ನಾನು ಎಸ್‌ಎಸ್‌ಎಲ್‌ಸಿ ಮುಗಿಸಿ ಯಶವಂತಪುರದ ಒಂದು ಕಾರ್ಖಾನೆಗೆ ಸೇರಿ ಅಲ್ಲೇ ನಿವೃತ್ತನಾದೆ. ಮುನಿರಾಜ ಯಲಹಂಕದಲ್ಲಿ ಬಾರ್ ಅಂಡ್ ರೆಸ್ಟೋರೆಂಟ್ ಇಟ್ಟ. ಹೆಚ್ಚು ಸರಕು ಖರ್ಚು ಮಾಡಿದ ಬಾರ್ ಮಾಲೀಕರನ್ನು ಮದ್ಯದ ಕಂಪನಿಗಳು ಆಗಾಗ ಹೊರದೇಶಕ್ಕೆ ಕರೆದೊಯ್ಯುತ್ತವೆ. ಸಾಮಾನ್ಯವಾಗಿ ಬ್ಯಾಂಕಾಕೋ ಶ್ರೀಲಂಕಾವೋ ಇರುತ್ತದೆ. ಈ ಸಲ ಟಕೀಲಾ ತರಿಸುವ ಕಂಪನಿಯೊಂದು ಮೆಕ್ಸಿಕೋ ಎಂದಿತು, ಒಬ್ಬೊಬ್ಬ ಮಾಲೀಕನಿಗೂ ಇಬ್ಬರ ಲೆಕ್ಕದಲ್ಲಿ.

ಅವನ ಹೆಂಡತಿ ಸರೋಜಮ್ಮ ಕೇಳಿದ ತಕ್ಷಣ ಆಗುವುದಿಲ್ಲ ಎಂದಳು. "ಮೂವತ್ತು ವರ್ಷದಿಂದ ನಿಮ್ಮ್ ಶರ್ಟಲ್ಲಿ ಅದರ ವಾಸನೆ ಒಗೀತಾ ಇದೀನಿ. ಈಗ ಅದರ ತೌರ್ಮನೆಗೂ ನಾನು ಬರ್ಬೇಕಾ? ಅಣ್ಣನ್ನ ಕರ್ಕೊಂಡು ಹೋಗಿ."

ಅಣ್ಣ ಎಂದರೆ ನಾನು. ನನ್ನ ಹೆಂಡತಿ ತೀರಿಕೊಂಡ ಮೇಲೆ ಭಾನುವಾರದ ಊಟ ಅವರ ಮನೆಯಲ್ಲೇ. ಹಬ್ಬದ ಪಂಕ್ತಿಯಲ್ಲಿ ಮೊದಲ ಎಲೆ ನನ್ನದು. ಅಷ್ಟು ಗೌರವ ಕೊಡುವ ಮನೆಗೆ ನಾನು ಏನು ಮಾಡಿದ್ದೆ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಗ್ವಾದಲಹಾರ

ವಿಮಾನದಲ್ಲಿ ಎಷ್ಟು ಹೊತ್ತು ಕೂತಿದ್ದೆವೋ ನನ್ನ ಮಂಡಿಗಳನ್ನು ಕೇಳಬೇಕು. ಗ್ವಾದಲಹಾರ ಎಂಬ ದೊಡ್ಡ ಊರಿನಲ್ಲಿ ಇಳಿದಾಗ ತಪಾಸಣೆಯ ಹುಡುಗಿ ನನ್ನ ಚೀಲದಿಂದ ಸರೋಜಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯ ಪೊಟ್ಟಣ ತೆಗೆದು, ಬಿಡಿಸಿ, ಮೂಸಿ, ಜೋರಾಗಿ ಸೀನಿದಳು. ಪಕ್ಕದವಳನ್ನು ಕರೆದು ಮೂಸಿಸಿದಳು. ಅವಳೂ ಸೀನಿದಳು. ಆಮೇಲೆ ಇಬ್ಬರೂ ನಕ್ಕು ಪೊಟ್ಟಣವನ್ನು ನೀಟಾಗಿ ಮಡಿಸಿ ಕೈಗೆ ಕೊಟ್ಟರು. ಅದೂ ಮೆಣಸಿನಕಾಯಿ ತಿನ್ನುವ ಊರು. ಮರ್ಯಾದೆ ಕೊಟ್ಟರು ಎಂದುಕೊಂಡೆ.

ನಮ್ಮನ್ನು ನೋಡಿಕೊಳ್ಳಲು ಕಂಪನಿ ಕಳಿಸಿದವರು ಬಸವರಾಜ್. ಬಾಗಲಕೋಟೆ ಕಡೆಯವರು, ಸಂಜಯನಗರದಲ್ಲಿ ಬಾಡಿಗೆ ಮನೆ. ಅಲ್ಲಿಯವರು ಸ್ಪ್ಯಾನಿಶ್‌ನಲ್ಲಿ ಹೇಳಿದ್ದು ಇಂಗ್ಲಿಷಿಗೆ ಇಳಿದು, ಅಲ್ಲಿಂದ ಬಸವರಾಜರ ಬಾಗಲಕೋಟೆ ಕನ್ನಡಕ್ಕೆ ಬಂದು, ಕೊನೆಗೆ ನಮ್ಮ ಕಿವಿ ಸೇರುವ ಹೊತ್ತಿಗೆ ಹೇಳಿದವರು ಮುಂದಿನ ವಿಷಯಕ್ಕೆ ಹೋಗಿರುತ್ತಿದ್ದರು. ಊಟಕ್ಕೆ ಮೆಕ್ಕೆಜೋಳದ ತೆಳು ರೊಟ್ಟಿ. ಬಸವರಾಜ್ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಬಡಿಯೂದ ಬರಂಗಿಲ್ಲ ಇವರಿಗೆ, ಒತ್ತತಾರ" ಎಂದು ಮರುಗಿದರು. ಆದರೂ ಆರು ತಿಂದರು.

ಅಲ್ಲಿಯ ಜನರ ಒಂದು ಪದ್ಧತಿ ನನಗೆ ಹಿಡಿಸಿತು. ಹೋಟೆಲಿನಲ್ಲಿ ಉಣ್ಣುವವರ ಮೇಜಿನ ಪಕ್ಕ ಹಾದುಹೋಗುವ ಅಪರಿಚಿತರು 'ಚೆನ್ನಾಗಿ ಊಟ ಮಾಡಿ' ಎಂಬರ್ಥದ ಒಂದು ಮಾತು ಹೇಳಿಯೇ ಹೋಗುತ್ತಾರೆ. ನಮ್ಮಲ್ಲಿ ಹಿಂದೆ ಊಟವಾಯಿತಾ ಎಂದು ಕೇಳುತ್ತಿದ್ದೆವು. ಈಗ ಯಲಹಂಕದ ದರ್ಶಿನಿಗಳಲ್ಲಿ ನಮ್ಮ ತಟ್ಟೆ ಯಾವಾಗ ಖಾಲಿಯಾಗುತ್ತದೆ ಎಂದು ನೋಡುತ್ತಾ ನಿಲ್ಲುತ್ತಾರೆ. ಇನ್ನೊಂದು ಪದ್ಧತಿ ಮಾತ್ರ ಥೇಟ್ ನಮ್ಮದೇ. 'ಈಗಲೇ ಬಂದೆ' ಎಂದರೆ ಅಲ್ಲೂ ಯಾರೂ ಈಗ ಬರುವುದಿಲ್ಲ.

ಮೊದಲ ದಿನ ಸಾಯಂಕಾಲ ಟಕೀಲಾ ತಂದಿಟ್ಟಾಗ ನಾನು ತಿಳಿದವನ ಹಾಗೆ ಹೆಬ್ಬೆರಳ ಬುಡದಲ್ಲಿ ಉಪ್ಪು ಹಾಕಿಕೊಂಡು, ನೆಕ್ಕಿ, ಒಂದೇ ಗುಟುಕಿಗೆ ಸುರಿದುಕೊಂಡು ನಿಂಬೆಹೋಳು ಕಚ್ಚಿದೆ. ಮುನಿರಾಜನ ಬಾರಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ಪಕ್ಕದ ಮೇಜಿನ ಮುದುಕರೊಬ್ಬರು ನನ್ನನ್ನು ಔಷಧ ಕುಡಿಯುವ ಮಗುವನ್ನು ನೋಡುವಂತೆ ನೋಡಿದರು.

"ಯಜಮಾನ್ರ, ಉಪ್ಪು ಬಿಡ್ರಿ," ಎಂದರು ಬಸವರಾಜ್. "ಕೆಟ್ಟ ಮಾಲಿನ ರುಚಿ ಮುಚ್ಚಾಕ ಉಪ್ಪು ಹಚ್ಚೂದು. ಚಲೋ ಮಾಲಿಗೆ ಬರೇ ನಾಲಿಗಿ ಸಾಕು."

"ಹಂಗಾದ್ರೆ ನನ್ ಬಾರಿಗೆ ಇನ್ನೂ ಎರಡು ಮೂಟೆ ಉಪ್ಪು ಬೇಕು ಬಿಡಿ," ಎಂದ ಮುನಿರಾಜ.

ಅಲ್ಲಿಯವರು ಒಂದೇ ಗುಟುಕಿಗೆ ಸುರಿದುಕೊಳ್ಳುವುದೇ ಇಲ್ಲ. ಬಿಸಿ ಕಾಫಿಯಂತೆ ತುಟಿಗೆ ಸೋಕಿಸಿ ಮಾತಾಡುತ್ತಾ ಕೂರುತ್ತಾರೆ. ಪಕ್ಕದಲ್ಲಿ ಕೆಂಪು ರಸದ ಸಣ್ಣ ಲೋಟ ಇರುತ್ತದೆ, ಟೊಮೆಟೊ ಕಿತ್ತಳೆ ಮೆಣಸಿನಕಾಯಿ ಸೇರಿಸಿದ್ದು. ತಣ್ಣಗಾದ ತಿಳಿಸಾರೆಂದೇ ತಿಳಿದು ನಾನು ಅದನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ.

ಟಕೀಲಾ ಎಂಬ ಊರು

ಟಕೀಲಾ ಎಂಬುದು ಒಂದು ಊರಿನ ಹೆಸರು. ಊರು ಬರುವ ಮೊದಲೇ ಬಸ್ಸು ಒಂದು ತಿರುವು ತಿರುಗಿತು, ಇಳಿಜಾರೆಲ್ಲ ನೀಲಿಯಾಗಿ ಕಾಣಿಸಿತು. ನಾನೂ ಮುನಿರಾಜನೂ ಒಟ್ಟಿಗೇ "ಕತ್ತಾಳೆ!" ಎಂದೆವು.

ಕತ್ತಾಳೆಯೇ. ಯಲಹಂಕ ಸ್ಟೇಷನ್ನಿನಿಂದಾಚೆ ರೈಲು ಹಳಿಯ ಎರಡೂ ಕಡೆ ಇದ್ದದ್ದು, ನಮ್ಮ ಹೊಲಗಳ ಅಂಚಿನಲ್ಲಿ ಇದ್ದದ್ದು ಇದರ ದಾಯಾದಿಯೇ. ನಮ್ಮಲ್ಲಿ ಅದನ್ನು ಯಾರೂ ಬೆಳೆಯೆಂದು ಎಣಿಸಲಿಲ್ಲ. ಬೇಲಿಗೆ ಇಟ್ಟೆವು, ನಾರು ತೆಗೆದು ಹಗ್ಗ ಹೊಸೆದೆವು, ಮಕ್ಕಳಾಗಿದ್ದಾಗ ಅದರ ದಪ್ಪ ಎಲೆಯ ಮೇಲೆ ಮುಳ್ಳಿನಿಂದ ಹೆಸರು ಗೀಚಿದೆವು. ಇಲ್ಲಿ ಅದು ರಾಗಿ ಸಾಲಿನಂತೆ ಗೆರೆ ಹೊಡೆದು ಗುಡ್ಡದ ತುದಿಯವರೆಗೆ ನಿಂತಿತ್ತು.

"ನಮ್ಮೂರ ಬೇಲೀನೆಲ್ಲ ತಂದು ಹೊಲ ಮಾಡ್ಬಿಟ್ಟವ್ರಲ್ಲಣ್ಣ," ಎಂದ ಮುನಿರಾಜ.

ನಮಗೆ ಹೊಲ ತೋರಿಸಿದವರು ಲೂಪೆ ಎಂಬ ಹೆಂಗಸು. ಐವತ್ತರ ಆಸುಪಾಸು, ತಲೆಗೆ ಹುಲ್ಲಿನ ಟೋಪಿ, ಗಟ್ಟಿ ದನಿ. ಉದ್ದ ಕೋಲಿನ ತುದಿಯ ದುಂಡು ಅಲಗಿನಿಂದ ಆಳೊಬ್ಬ ಎಲೆಗಳನ್ನು ಕತ್ತರಿಸಿದ. ಒಳಗೆ ಉಳಿದದ್ದು ದೊಡ್ಡ ಅನಾನಸ್ ಹಣ್ಣಿನ ಹಾಗಿರುವ ಗೆಡ್ಡೆ. ಅವರೂ ಅದನ್ನು ಅನಾನಸ್ ಎಂದೇ ಕರೆಯುತ್ತಾರಂತೆ. ಅದನ್ನು ಕಲ್ಲಿನ ಒಲೆಯಲ್ಲಿ ದಿನಗಟ್ಟಲೆ ಬೇಯಿಸಿ, ಹಿಂಡಿ, ಹುಳಿ ಬರಿಸಿ, ಬಟ್ಟಿ ಇಳಿಸುತ್ತಾರೆ. ಬೇಯಿಸಿದ ಒಂದು ತುಂಡು ತಿನ್ನಲು ಕೊಟ್ಟರು. ಸುಟ್ಟ ಗೆಣಸಿಗೆ ಬೆಲ್ಲದ ಪಾಕ ಹಾಕಿದಂತಿತ್ತು. ಸಿಹಿಯೆಲ್ಲ ಇಳಿದ ಮೇಲೆ ಬಾಯಲ್ಲಿ ನಾರು ಉಳಿಯಿತು. ಮುನಿರಾಜ ಹಲ್ಲುಗಳ ಮಧ್ಯದಿಂದ ಅದನ್ನು ಎಳೆದೆಳೆದು, ಇದರಲ್ಲಿ ಎಮ್ಮೆ ಕಟ್ಟಬಹುದು ಎಂದ.

ಆಮೇಲೆ ಲೂಪೆ ಒಂದು ಗಿಡದ ಬುಡದಲ್ಲಿ ಮೂಡಿದ್ದ ಮರಿಗಳನ್ನು ತೋರಿಸಿದರು. ತಾಯಿಗಿಡ ಸುತ್ತಲೂ ಮರಿ ಹಾಕುತ್ತದೆ. ಅವನ್ನು ಕಿತ್ತು ಬೇರೆ ಕಡೆ ನೆಡುತ್ತಾರೆ. ಕೀಳದಿದ್ದರೆ ಸಾಲು ಸಾಲಾಗಿ ಉಳಿಯುವುದಿಲ್ಲ ಎಂದರು. ಒಂದು ಕಡೆಯ ಮರಿ ಕಿತ್ತು ಇನ್ನೊಂದು ಕಡೆಯದನ್ನು ಬಿಟ್ಟರೆ, ತಾಯಿಗಿಡ ಸತ್ತ ಮೇಲೆ ಸಾಲು ಆ ಕಡೆಗೆ ಸರಿದಿರುತ್ತದೆ. ಬಸವರಾಜ್ ಅದನ್ನು ನಮ್ಮ ಭಾಷೆಗೆ ತಂದು, "ಸಾಲು ನಡೀತೈತಂತ್ರಿ" ಎಂದರು.

ನನ್ನ ಬಾಯಲ್ಲಿದ್ದ ನಾರು ಅಲ್ಲೇ ಉಳಿಯಿತು.

ಇಲ್ಲಿ ನಮ್ಮ ಬೇಲಿಯ ವಿಷಯ ಹೇಳಬೇಕು. ನಮ್ಮಪ್ಪನಿಗೂ ಚಿಕ್ಕಪ್ಪನಿಗೂ ಪಾಲಾದಾಗ ಎರಡು ಹೊಲಗಳ ನಡುವೆ ಕತ್ತಾಳೆ ಬೇಲಿ ಇತ್ತು. ಹಿರಿಯನಾದ ನಮ್ಮಪ್ಪನ ಪಾಲಿಗೆ ಬೇಲಿ ಬಂತು. ನಮ್ಮ ಕಡೆ ಅದೊಂದು ಪದ್ಧತಿ: ಬೇಲಿ ಯಾರದೋ ಅವರೇ ಅದಕ್ಕೆ ಕೈ ಹಾಕಬೇಕು, ಆಚೆಯವನು ಒಂದು ಎಲೆಯನ್ನೂ ಮುರಿಯುವಂತಿಲ್ಲ. ಮಳೆಗೆ ಮುಂಚೆ ಬೇಲಿ ಸವರುವ ಕೆಲಸ ನನ್ನದಾಗಿತ್ತು. ಮೊದಲ ವರ್ಷ ನಮ್ಮ ಕಡೆಯ ಮರಿಗಳನ್ನು ಕಿತ್ತು, ಬಿಸಿಲು ಹೆಚ್ಚಾಯಿತೆಂದು ಆಚೆ ಕಡೆಯದನ್ನು ಹಾಗೇ ಬಿಟ್ಟೆ. ಅದು ಸೋಮಾರಿತನ. ಎರಡನೆಯ ವರ್ಷ ನೋಡಿದಾಗ ಆಚೆಯ ಮರಿಗಳು ದಪ್ಪನಾಗಿ ನಿಂತಿದ್ದವು. ಆ ವರ್ಷ ಬೇಕೆಂದೇ ಬಿಟ್ಟೆ. ಆಮೇಲಿನ ವರ್ಷಗಳಲ್ಲಿ ಈಚೆಯ ಹಳೆಯ ಗಿಡಗಳನ್ನೂ ಬುಡಸಮೇತ ಅಗೆದು, ಗುಳಿಗೆ ಮಣ್ಣು ತುಂಬಿ, ಮೇಲೆ ರಾಗಿ ಚೆಲ್ಲಿದೆ. ಯಾರೂ ಹೇಳಿಕೊಟ್ಟದ್ದಲ್ಲ. ಬೇಲಿ ಚಿಕ್ಕಪ್ಪನ ಹೊಲದೊಳಕ್ಕೆ ನಡೆಯಿತು.

ಅದು ಚಿಕ್ಕಪ್ಪನಿಗೆ ಗೊತ್ತಾಯಿತು. ಅಶ್ವತ್ಥಕಟ್ಟೆಯ ಮೇಲೆ ಹಿರಿಯರನ್ನು ಸೇರಿಸಿ, "ಬೇಲಿ ನಡೀತಾ ಅದೆ ಕಣ್ರಪ್ಪಾ, ಯಾರೋ ಅಗೀತವ್ರೆ" ಎಂದ. ಎಲ್ಲರೂ ನಕ್ಕರು. ಮನುಷ್ಯ ಸುಳ್ಳು ಹೇಳಬಹುದು, ಕತ್ತಾಳೆ ಹೇಳುತ್ತದೆಯೇ ಎಂದು ಒಬ್ಬರು ಕೇಳಿದರು. ನಮ್ಮಪ್ಪ ನನ್ನ ಕಡೆ ತಿರುಗಿ ಬೇಲಿ ಅಗೆದಿದ್ದೀಯೇನೋ ಎಂದು ಕೇಳಿದಾಗ ನಾನು ಇಲ್ಲ ಎಂದೆ. ಆಗ ಹುಡುಗನಾಗಿದ್ದ ಮುನಿರಾಜ ಎದ್ದು ಬಂದು, ನಮ್ಮಪ್ಪನ ಕಾಲು ಮುಟ್ಟಿ, "ನಮ್ಮಪ್ಪನಿಗೆ ತಲೆ ಸರಿ ಇಲ್ಲ ದೊಡ್ಡಪ್ಪ, ಮನಸ್ಸಿಗೆ ಹಾಕ್ಕೋಬೇಡಿ" ಎಂದು ಹೇಳಿ, ತನ್ನ ತಂದೆಯ ರಟ್ಟೆ ಹಿಡಿದು ಕಟ್ಟೆಯಿಂದ ಎಳೆದುಕೊಂಡು ಹೋದ.

ಅಂದಿನಿಂದ ಚಿಕ್ಕಪ್ಪನಿಗೆ ಊರಲ್ಲಿ 'ನಡೆಯೋ ಬೇಲಿ ಪಿಳ್ಳಪ್ಪ' ಎಂದೇ ಹೆಸರು. ಬದುಕಿರುವವರೆಗೂ ಅದೇ ಹೆಸರು. ಬಡಾವಣೆ ಬಂದಾಗ ಆ ಪಟ್ಟಿ ನೆಲ ಒಂದು ಸೈಟಾಯಿತು. ಮಾರಿ ನಾನು ಮನೆಯ ಮೇಲೆ ಮನೆ ಕಟ್ಟಿಕೊಂಡೆ. ಆದರೆ ನಾನು ಕಿತ್ತುಕೊಂಡದ್ದರಲ್ಲಿ ನೆಲ ಚಿಕ್ಕದು. ತಂದೆ ಹೇಳಿದ್ದು ನಿಜ ಎಂಬುದನ್ನು ಮಗನಿಂದ ಕಿತ್ತುಕೊಂಡಿದ್ದೆ.

ಲೂಪೆ ಅಷ್ಟು ಹೇಳಿದ ಮೇಲೆ ಮುನಿರಾಜ ಬಹಳ ಹೊತ್ತು ಆ ಮರಿಗಳನ್ನೇ ನೋಡಿದ. ಬಸವರಾಜರ ಮೂಲಕ ಕೇಳಿಸಿದ: ಯಾರೂ ಕೈ ಹಾಕದೆ ತಾನಾಗಿಯೂ ನಡೆಯಬಹುದೇ? ಲೂಪೆ ಯೋಚಿಸಿ, ನಡೆಯಬಹುದು, ಬಹಳ ನಿಧಾನ ಎಂದರು.

ಅವನು ನನ್ನ ಕಡೆ ತಿರುಗಿದ. ಅಷ್ಟು ಹಗುರವಾದ ಮುಖವನ್ನು ನಾನು ಅವನಲ್ಲಿ ಕಂಡಿರಲಿಲ್ಲ. "ಅಣ್ಣ, ಹಂಗಾದ್ರೆ ಅಪ್ಪ ಸುಳ್ಳು ಹೇಳಿರ್ಲಿಲ್ಲ. ತಾನಾಗೇ ನಡೆದಿರ್ಬೇಕು, ಅಲ್ವಾ?"

"ಇರಬಹುದು," ಎಂದೆ.

ಐವತ್ತು ವರ್ಷದ ಹಿಂದೆ ಹೇಳಿದ 'ಇಲ್ಲ'ಕ್ಕಿಂತ ಆ 'ಇರಬಹುದು' ಕೆಟ್ಟದು. ಅಂದು ಎಲ್ಲರೂ ನೋಡುತ್ತಿದ್ದರು, ಭಯವಿತ್ತು. ಇಂದು ಯಾವ ಭಯವೂ ಇರಲಿಲ್ಲ. ಅವನೇ ನನಗೆ ಬಾಗಿಲು ತೆರೆದುಕೊಟ್ಟ, ನಾನು ನುಸುಳಿಕೊಂಡೆ.

ಪೀಪಾಯಿಗಳ ಮನೆ

ಮರುದಿನ ರುಚಿ ನೋಡುವ ಕೆಲಸ. ತಂಪಾದ ಕಲ್ಲಿನ ಕೋಣೆ, ಸುತ್ತಲೂ ಓಕ್ ಮರದ ಪೀಪಾಯಿಗಳು, ಮೇಜಿನ ಮೇಲೆ ಒಬ್ಬೊಬ್ಬರಿಗೆ ನಾಲ್ಕು ಗ್ಲಾಸು. ಕಿರುಬಾಯಿಯ ಆ ಗ್ಲಾಸಿಗೆ ಮೂಗು ಇಟ್ಟು, ಬಾಯಿ ಸ್ವಲ್ಪ ತೆರೆದುಕೊಂಡು ಉಸಿರು ತೆಗೆದುಕೊಳ್ಳಬೇಕು ಎಂದು ಲೂಪೆ ಕಲಿಸಿದರು. ಬಾಯಿ ಮುಚ್ಚಿದರೆ ಬರೀ ಸ್ಪಿರಿಟ್ ಹೊಡೆಯುತ್ತದೆ, ತೆರೆದರೆ ಒಳಗಿನ ವಾಸನೆ ಸಿಗುತ್ತದೆ. ಬಾಯಿ ತೆರೆದು ಗ್ಲಾಸು ಮೂಸುತ್ತಿದ್ದ ಬೆಂಗಳೂರಿನ ಬಾರ್ ಮಾಲೀಕರ ಸಾಲು ನೋಡಲು ಒಂದು ಬಗೆಯಾಗಿತ್ತು.

ಮೊದಲನೆಯದು ಬ್ಲಾಂಕೊ, ಬಿಳಿಯದು. ಬಟ್ಟಿಯಿಂದ ಇಳಿದು ಹೆಚ್ಚುಕಡಿಮೆ ನೇರ ಬಾಟಲಿಗೆ ಬಂದದ್ದು. ಹಸಿ ಕತ್ತಾಳೆ ಎಲೆ ಮುರಿದಾಗ ಬರುವ ವಾಸನೆ, ಆಮೇಲೆ ಕರಿಮೆಣಸು, ಕೊನೆಯಲ್ಲಿ ಆ ಸುಟ್ಟ ಗೆಣಸು. ಎರಡನೆಯದು ರೆಪೊಸಾಡೊ, ಕೆಲವು ತಿಂಗಳು ಪೀಪಾಯಿಯಲ್ಲಿ ಮಲಗಿದ್ದು. ತೆಳು ಒಣಹುಲ್ಲಿನ ಬಣ್ಣ. ಮೆಣಸಿನ ಏಟು ತಗ್ಗಿ, ಏಲಕ್ಕಿ ಹಾಕಿದ ಪಾಕದ ಹಾಗೆ. ಮೂರನೆಯದು ಅನ್ಯೆಹೊ, ವರ್ಷ ದಾಟಿದ್ದು. ಕಾಫಿ ಡಿಕಾಕ್ಷನ್‌ಗೆ ನೀರು ಬೆರೆಸಿದಂಥ ಬಣ್ಣ, ಮರ, ಸುಟ್ಟ ಸಕ್ಕರೆ; ಕತ್ತಾಳೆ ಎಲ್ಲೋ ಹಿಂದೆ ಕೂತು ಕೆಮ್ಮಿದ ಹಾಗೆ ಅಷ್ಟೇ. ನನಗೆ ಮೂರನೆಯದು ಬಹಳ ಹಿಡಿಸಿತು.

"ಇದು ವಿಸ್ಕಿಗೆ ದಾರಿ ತಪ್ಪಿ ಹುಟ್ಟಿದ್ದು," ಎಂದ ಮುನಿರಾಜ. ಅವನಿಗೆ ಬಿಳಿಯದೇ ಬೇಕು. ಪೀಪಾಯಿಯಲ್ಲಿ ಇಟ್ಟರೆ ಕಡೆಗೆ ಪೀಪಾಯಿಯದೇ ರುಚಿ, ಗಿಡ ಯಾವ ಹೊಲದ್ದು ಎಂದು ಯಾರಿಗೆ ಗೊತ್ತಾಗಬೇಕು ಎಂದು ವಾದಿಸಿದ. ಲೂಪೆಗೆ ಇದನ್ನು ಹೇಳಿದಾಗ ಅವರು ಮೇಜು ಬಡಿದು ಒಪ್ಪಿದರು. ಬಿಳಿಯದರಲ್ಲಿ ತಪ್ಪಿದ್ದರೆ ಅಡಗಿಸಲು ಜಾಗವೇ ಇರುವುದಿಲ್ಲವಂತೆ.

ನಾಲ್ಕನೆಯದು ನೀರಿನಂತೆ ಬೆಳ್ಳಗಿತ್ತು. ಬಿಳಿಯದೇ ಇನ್ನೊಮ್ಮೆ ಎಂದುಕೊಂಡು ಕುಡಿದರೆ ಒಳಗೆ ಮರ, ಸುಟ್ಟ ಸಕ್ಕರೆ. ಕ್ರಿಸ್ಟಲಿನೊ ಎಂದು ಹೆಸರು. ವಯಸ್ಸಾದ ಟಕೀಲಾವನ್ನು ಇದ್ದಿಲಿನಲ್ಲಿ ಸೋಸಿ ಬಣ್ಣ ತೆಗೆದಿರುತ್ತಾರೆ.

"ಇದು ನೀನೇ ಅಣ್ಣ," ಎಂದ ಮುನಿರಾಜ, ನನ್ನ ತಲೆಯ ಕಪ್ಪು ಬಣ್ಣ ನೋಡುತ್ತಾ. "ಒಳಗೆಲ್ಲ ಮುದುಕ, ಮೇಲೆ ಮದುವೆ ಗಂಡು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನು ಅಂದು ಬಹಳ ಖುಷಿಯಲ್ಲಿದ್ದ. ಬೆಳಿಗ್ಗೆಯೇ ಸರೋಜಮ್ಮನಿಗೆ ಫೋನ್ ಮಾಡಿ, ಅಪ್ಪ ಹೇಳಿದ್ದು ನಿಜ ಕಣೆ, ಬೇಲಿ ನಡೆಯುತ್ತದಂತೆ, ಇಲ್ಲಿಯವರೇ ಹೇಳಿದರು ಎಂದು ಮಗುವಿನ ಹಾಗೆ ವರದಿ ಒಪ್ಪಿಸಿದ್ದ. ನಾನು ಪಕ್ಕದ ಮಂಚದ ಮೇಲೆ ಮಲಗಿ ನಿದ್ದೆ ಬಂದವನಂತೆ ಇದ್ದೆ. ಇದೇ ಒಳ್ಳೆಯದಲ್ಲವೇ ಎಂದುಕೊಂಡೆ. ಚಿಕ್ಕಪ್ಪ ಸುಳ್ಳನಲ್ಲ ಎಂದಾಯಿತು, ನಾನೂ ಕಳ್ಳನಲ್ಲ ಎಂದಾಯಿತು. ಎಲ್ಲ ತಪ್ಪೂ ಗಿಡದ್ದು. ಗಿಡಕ್ಕೇನು ನಷ್ಟ?

ಕೆಂಪು ಮಣ್ಣಿನ ಸೀಮೆ

ಟಕೀಲಾ ಊರಿನದು ತಗ್ಗು ಸೀಮೆ. ಪೂರ್ವಕ್ಕೆ ಕೆಲವು ಗಂಟೆ ಹೋದರೆ ಎತ್ತರದ ಸೀಮೆ. ಎರಡು ಕಡೆಯ ರುಚಿ ಹೋಲಿಸಿ ನೋಡಬೇಕೆಂದು ಅಲ್ಲಿಗೂ ಕರೆದೊಯ್ದರು. ಬಸ್ಸಿನಿಂದ ಇಳಿದಾಗ ನಮ್ಮ ಚಪ್ಪಲಿಗೆ ಕೆಂಪು ಮಣ್ಣು ಅಂಟಿತು. ಹಿಂದಿನ ದಿನ ಮಳೆಯಾಗಿತ್ತು. ಸಿಂಗಾಪುರದ ಹೊಲಗಳಲ್ಲಿ ಸೈಟು ಎದ್ದ ಮೇಲೆ ಅಂಥ ಮಣ್ಣನ್ನು ನಾನು ಪಾಯ ತೋಡುವಾಗ ಮಾತ್ರ ಕಂಡಿದ್ದು. ಮುನಿರಾಜ ಬಗ್ಗಿ ಒಂದು ಹಿಡಿ ತೆಗೆದು ಹಿಚುಕಿ ನೋಡಿದ.

ಹೊಲದ ಅಂಚಿನ ಚಪ್ಪರದ ಕೆಳಗೆ ಮೇಜು ಹಾಕಿದ್ದರು. ಮಧ್ಯಾಹ್ನದ ಬಿಸಿಲು. ಒಬ್ಬೊಬ್ಬರಿಗೆ ಎರಡೇ ಗ್ಲಾಸು, ಎರಡೂ ಬಿಳಿಯದೇ. ಒಂದು ತಗ್ಗಿನದು, ಒಂದು ಎತ್ತರದ್ದು. ಯಾವುದು ಯಾವುದೆಂದು ಲೂಪೆ ಹೇಳಲಿಲ್ಲ. ಒಂದರಲ್ಲಿ ಮಳೆ ಬಿದ್ದ ನೆಲದ ವಾಸನೆ, ಗಿಡಮೂಲಿಕೆಯ ಕಹಿ, ಮೆಣಸು. ಇನ್ನೊಂದು ಹೂವಿನ ಹಾಗೆ, ಮೂಸಂಬಿ ಸಿಪ್ಪೆಯ ಹಾಗೆ, ಸ್ವಲ್ಪ ಸಿಹಿ. ಗಿಡ ಒಂದೇ, ಮಾಡುವ ರೀತಿಯೂ ಒಂದೇ, ನೆಲ ಮತ್ತು ಎತ್ತರ ಬೇರೆ. ನಾನು ಮಣ್ಣಿನ ವಾಸನೆಯದೇ ಈ ಕೆಂಪು ಸೀಮೆಯದೆಂದು ಹೇಳಿ ಸೋತೆ. ಮುನಿರಾಜ ಸಿಹಿಯದನ್ನು ತೋರಿಸಿ ಗೆದ್ದ. ಲೂಪೆ ತಮ್ಮ ಟೋಪಿ ತೆಗೆದು ಅವನ ತಲೆಗೆ ಇಟ್ಟರು.

ಉಳಿದವರು ಒಲೆ ನೋಡಲು ಎದ್ದು ಹೋದರು. ನಾವಿಬ್ಬರೇ ಉಳಿದೆವು. ಮುನಿರಾಜ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ತಂದೆಯ ವಿಷಯವನ್ನೇ ಎತ್ತಿದ. ಕಡೆಯ ವರ್ಷಗಳಲ್ಲಿ ಅವನು ಅಪ್ಪನ ಜೊತೆ ಸರಿಯಾಗಿ ಮಾತೇ ಆಡಿರಲಿಲ್ಲವಂತೆ. ಚಿಕ್ಕಪ್ಪ ಬೆಳಿಗ್ಗೆ ಎದ್ದರೆ ಬೇಲಿಯ ಪಕ್ಕ ಹೋಗಿ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದ. ಕರೆದರೆ ಬರುತ್ತಿರಲಿಲ್ಲ. ಬಾರಪ್ಪಾ, ಇಲ್ಲಿ ಗುಳಿ ನೋಡು, ಹೊಸ ಮಣ್ಣು ನೋಡು ಎಂದು ಮಗನನ್ನೇ ಕರೆಯುತ್ತಿದ್ದ. ಮುನಿರಾಜ ಒಂದು ದಿನವೂ ಹೋಗಿ ನೋಡಲಿಲ್ಲ.

"ಬೇಲಿ ನಡೆದಿದ್ದು ನಿಜ. ಅಷ್ಟು ಸಾಕು ನಂಗೆ," ಎಂದ. "ಆದ್ರೆ ಯಾರೋ ಅಗೀತವ್ರೆ ಅಂದ್ನಲ್ಲ, ಅದೊಂದು ಅವನ ಭ್ರಮೆ. ಸುಮ್ನೆ ನಿಮ್ಮನೆ ಮೇಲೆ ಅನುಮಾನ ಪಟ್ಟ. ಅವನ ಪರವಾಗಿ ನಾನು ಕೇಳ್ಕೋತೀನಿ ಅಣ್ಣ, ಅದನ್ನ ಮನಸ್ಸಲ್ಲಿ ಇಟ್ಕೋಬೇಡ."

ಅಂದು ಕಟ್ಟೆಯ ಮೇಲೆ ನಮ್ಮಪ್ಪನಲ್ಲಿ ಕ್ಷಮೆ ಕೇಳಿದ್ದ. ಇಂದು ಇಲ್ಲಿ ಕೂತು ನನ್ನಲ್ಲಿ ಕೇಳುತ್ತಿದ್ದ. ಅವನ ಕೈ ನನ್ನ ಕೈ ಮೇಲಿತ್ತು. ಆ ಕೈಯನ್ನು ಹಾಗೇ ಇರಗೊಡಲು ನನ್ನಿಂದ ಆಗಲಿಲ್ಲ.

"ಗುಳಿ ಇತ್ತು ಮುನಿ," ಎಂದೆ. "ನಾನೇ ಅಗೆದದ್ದು."

ಅವನಿಗೆ ಅರ್ಥವಾಗಲಿಲ್ಲ. ಮೊದಲಿನಿಂದ ಹೇಳಿದೆ, ಮೇಲೆ ಬರೆದಿರುವಷ್ಟನ್ನೂ. ಸೋಮಾರಿತನದ ವರ್ಷ, ಬೇಕೆಂದೇ ಬಿಟ್ಟ ವರ್ಷ, ಬುಡ ಅಗೆದದ್ದು, ರಾಗಿ ಚೆಲ್ಲಿದ್ದು. ನಾನು ಮುಗಿಸಿದ ಮೇಲೆ ಕೈ ತೆಗೆದುಕೊಂಡ.

"ಪಂಚಾಯ್ತಿ ದಿನ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ನಾನು ಅಪ್ಪನ ರಟ್ಟೆ ಹಿಡ್ಕೊಂಡು ಎಳ್ಕೊಂಡು ಹೋಗ್ತಿದ್ರೆ ನೀನು ನೋಡ್ತಾ ನಿಂತಿದ್ದೆ."

"ನಿಂತಿದ್ದೆ."

"ಮೊನ್ನೆ ಆ ಹೊಲದಲ್ಲಿ ಇರಬಹುದು ಅಂದೆಯಲ್ಲ ಅಣ್ಣ. ಯಾಕೆ ಅಂದೆ?"

ನಾನು ಮುಂದಿದ್ದ ಎರಡು ಗ್ಲಾಸುಗಳನ್ನು ಅದಲುಬದಲು ಮಾಡಿ ಇಟ್ಟೆ.

ಅವನು ಟೋಪಿಯನ್ನು ಮೇಜಿನ ಮೇಲಿಟ್ಟು ಎದ್ದು ಕತ್ತಾಳೆ ಸಾಲುಗಳ ನಡುವೆ ನಡೆದುಹೋದ. ಅಷ್ಟು ದೂರ ಹೋಗಿ ಒಂದು ಗಿಡದ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅವನ ಬೆನ್ನು ನನಗೆ ಕಾಣುತ್ತಿತ್ತು. ಮುಖ ಕಾಣದಿದ್ದದ್ದೇ ಒಳ್ಳೆಯದಾಯಿತು. ಲೂಪೆ ವಾಪಸ್ ಬಂದು ಗ್ಲಾಸುಗಳನ್ನು ನೋಡಿ ಏನೋ ಕೇಳಿದರು. ಟಕೀಲಾ ಹಿಡಿಸಲಿಲ್ಲವೇ ಎಂದು ಕೇಳುತ್ತಿದ್ದಾರೆ ಎಂದರು ಬಸವರಾಜ್. ನನ್ನ ಕಣ್ಣು ನೋಡಿ, "ಖಾರ ಹತ್ತಿತೇನ್ರಿ ಯಜಮಾನ್ರ?" ಎಂದು ನೀರಿನ ಬಾಟಲಿ ಕೊಟ್ಟರು. ಹೌದೆಂದು ಕುಡಿದೆ.

ವಾಪಸ್ಸಿನ ದಾರಿ

ಉಳಿದ ದಿನಗಳಲ್ಲಿ ಇನ್ನೂ ಎರಡು ಕಡೆ ರುಚಿ ನೋಡಿದೆವು. ಅದರ ಬಗ್ಗೆ ಬರೆಯಲು ನನಗೆ ಏನೂ ನೆನಪಿಲ್ಲ. ಮುನಿರಾಜ ನನ್ನೊಡನೆ ಮಾತಾಡಲಿಲ್ಲ, ಜಗಳವನ್ನೂ ಆಡಲಿಲ್ಲ. ಬಸ್ಸಿನಲ್ಲಿ ಬಸವರಾಜರ ಪಕ್ಕ ಕೂತ. ಆದರೆ ನನ್ನ ಬಿಪಿ ಮಾತ್ರೆಗಳು ಅವನ ಜೇಬಿನಲ್ಲಿದ್ದವು, ಹೊರಡುವಾಗಲೇ ಸರೋಜಮ್ಮ ಅವನಿಗೆ ಒಪ್ಪಿಸಿದ್ದಳು. ಊಟವಾದ ಮೇಲೆ ನನ್ನ ತಟ್ಟೆಯ ಪಕ್ಕ ಒಂದು ಮಾತ್ರೆ ಬಂದು ಬೀಳುತ್ತಿತ್ತು. ವಿಮಾನದಲ್ಲಿ ನನ್ನ ಬೆಲ್ಟಿನ ಕೊಂಡಿ ಸಿಕ್ಕಿಹಾಕಿಕೊಂಡಾಗ ಅವನೇ ಬಗ್ಗಿ ಬಿಡಿಸಿದ, ಅಪರಿಚಿತ ಮುದುಕನಿಗೆ ಬಿಡಿಸುವ ಹಾಗೆ.

ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ಹೇಳಿಬಿಟ್ಟರೆ ಮನಸ್ಸು ಹಗುರವಾಗುತ್ತದೆ ಎನ್ನುವವರು ಯಾರಿಗೂ ಏನೂ ಹೇಳಿದವರಲ್ಲ. ನನ್ನ ಭಾರ ಇಳಿಯಲಿಲ್ಲ, ಅವನ ಮೇಲೂ ಅಷ್ಟು ಹೊರಿಸಿದೆ. ತಂದೆ ಕರೆದಾಗ ಹೋಗಿ ಗುಳಿ ನೋಡಲಿಲ್ಲವಲ್ಲ ಎಂಬುದು ಇನ್ನು ಅವನ ಜೊತೆಯೇ ಇರುತ್ತದೆ.

ನಮ್ಮ ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಹಿಡಿದು ಬಂದೆವು. ಯಲಹಂಕ ಬೈಪಾಸ್ ದಾಟಿ ನನ್ನ ಮನೆಯ ಮುಂದೆ ಇಳಿದಾಗ ಅವನು ನನ್ನ ಚೀಲ ಗೇಟಿನೊಳಗಿಟ್ಟು, ಮೇಲೆ ಕಟ್ಟಿದ ಮಹಡಿಯನ್ನು ಒಮ್ಮೆ ತಲೆಯೆತ್ತಿ ನೋಡಿದ.

"ಅಪ್ಪನ ಪಕ್ಷದ ದಿನ ಮನೆಗೆ ಬಾ," ಎಂದ. "ಎಲ್ಲರನ್ನೂ ಕರೀತೀನಿ. ಅಲ್ಲಿ ಹೇಳು."

"ಏನಂತ ಹೇಳ್ಲಿ?"

"ನಂಗೆ ಹೇಳಿದ್ ಹಾಗೇ."

ಸಿಂಗಾಪುರ

ಪಿತೃಪಕ್ಷದಲ್ಲಿ ನಮ್ಮವರು ಸತ್ತವರ ಫೋಟೋದ ಮುಂದೆ ಬಾಳೆ ಎಲೆ ಹಾಸಿ, ಅವರಿಗೆ ಇಷ್ಟವಾಗಿದ್ದನ್ನೆಲ್ಲ ಬಡಿಸಿ ಎಡೆ ಇಡುತ್ತೇವೆ. ಚಿಕ್ಕಪ್ಪನ ಎಡೆಯಲ್ಲಿ ರಾಗಿಮುದ್ದೆ, ಕೋಳಿಸಾರು, ವಡೆ, ಒಂದು ಕಟ್ಟು ಬೀಡಿ ಇದ್ದವು. ಕುಡಿಯಲು ಪ್ರತಿ ವರ್ಷ ಬ್ರಾಂದಿ ಇಡುತ್ತಿದ್ದರು. ಈ ಸಲ ಮುನಿರಾಜ ಕೆಂಪು ಮಣ್ಣಿನ ಸೀಮೆಯ ಬಿಳಿ ಬಾಟಲಿ ಬಿಚ್ಚಿ ಲೋಟಕ್ಕೆ ಬಗ್ಗಿಸಿದ. ಸರೋಜಮ್ಮ ಇದ್ಯಾವುದು, ಮಾವನಿಗೆ ಇದು ಸೇರುತ್ತದಾ ಎಂದು ಕೇಳಿದಳು. "ಕತ್ತಾಳೇದು, ಕುಡೀಲಿ" ಎಂದ. ಅವಳಿಗೆ ಅವನು ಏನೂ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಆ ಕೆಲಸವನ್ನು ಪೂರ್ತಿ ನನಗೇ ಬಿಟ್ಟಿದ್ದ.

ನೆಂಟರಿಷ್ಟರು ಹಜಾರದ ತುಂಬ ಇದ್ದರು. ಅಂದು ಕಟ್ಟೆಯ ಮೇಲೆ ನಕ್ಕವರಲ್ಲಿ ಈಗ ಉಳಿದಿರುವವರು ಕಡಿಮೆ. ಚಿಕ್ಕಪ್ಪನ ತಂಗಿ, ನಮ್ಮ ಸೋದರತ್ತೆ ಮುನಿಯಮ್ಮ, ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಕರ್ಪೂರ ಬೆಳಗಿದ ಮೇಲೆ ಮುನಿರಾಜ ನನ್ನ ಕಡೆ ನೋಡಿದ. ನಾನು ಫೋಟೋದ ಪಕ್ಕ ನಿಂತು ಹೇಳಿದೆ. ದನಿ ಏಳಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. ಕಿರಿಯರಿಗೆ ಯಾವ ಬೇಲಿ ಎಂಬುದೇ ಗೊತ್ತಿರಲಿಲ್ಲ. ಗೊತ್ತಿದ್ದವರು ತಲೆ ತಗ್ಗಿಸಿದರು.

ಮುನಿಯಮ್ಮತ್ತೆ, "ಅಯ್ಯೋ ಪಿಳ್ಳಣ್ಣ," ಎಂದಳು. ನನಗಲ್ಲ, ಫೋಟೋಗೆ. "ನಾನೂ ನಕ್ಬಿಟ್ನಲ್ಲೋ."

ಮುನಿರಾಜ ಎಡೆಯ ಮುಂದೆ ಅಡ್ಡಬಿದ್ದು ಎದ್ದ. ಅವನ ಹಣೆಗೆ ವಿಭೂತಿಯ ಜೊತೆ ನೆಲದ ನೀರೂ ಅಂಟಿತ್ತು. ಒರೆಸಿಕೊಳ್ಳದೆ ಎಲೆ ಹಾಕಲು ಹೇಳಿದ.

ನಾನು ಹೊರಟುಬಿಡಬೇಕೆಂದು ಬಾಗಿಲ ಕಡೆ ತಿರುಗಿದೆ. ಸರೋಜಮ್ಮ ನನ್ನ ಎಲೆ ತೋರಿಸಿದಳು. ಕೂತೆ. ಮುನಿರಾಜನೇ ಮುದ್ದೆಯ ತಪ್ಪಲೆ ಹಿಡಿದು ಬಂದ. ಮೊದಲು ಮುನಿಯಮ್ಮತ್ತೆಯ ಎಲೆಗೆ ಇಟ್ಟ. ನನ್ನ ಎಲೆಯ ಮುಂದೆ ನಿಲ್ಲದೆ ದಾಟಿ, ಪಕ್ಕದವರಿಗೆ ಇಟ್ಟ, ಎದುರು ಸಾಲಿಗೆ ಇಟ್ಟ, ಶಾಲೆಗೆ ಹೋಗುವ ಮಕ್ಕಳಿಗೂ ಇಟ್ಟ. ಬರಿ ಎಲೆಯನ್ನು ನೋಡುತ್ತಾ ಕೂತಿದ್ದೆ. ಎಲ್ಲರಿಗೂ ಆದ ಮೇಲೆ ವಾಪಸ್ ಬಂದು ನನ್ನ ಮುಂದೆ ಬಗ್ಗಿದ.

"ದೊಡ್ಡದಿಡ್ಲಾ, ಚಿಕ್ಕದಿಡ್ಲಾ ಅಣ್ಣ?"

"ಚಿಕ್ಕದು ಸಾಕು," ಎಂದೆ.

ಮುಖ ನೋಡಲಿಲ್ಲ. ದೊಡ್ಡದನ್ನೇ ಇಟ್ಟು, ಸಾರು ತರಲು ಒಳಗೆ ಹೋದ.